ಗುದ್ದಲಿ ಬೀಳದ ಜಾಗ

'ಮೂಲ ಬಾಂದು ಕಲ್ಲುಗಳು ಸ್ಥಳದಲ್ಲಿ ಕಂಡುಬಂದಿರುವುದಿಲ್ಲ.' ಈ ಒಂದು ವಾಕ್ಯ ಬರೆದು, ಕೆಳಗೆ ಸಹಿ ಹಾಕಿ, ನನಗಿಂತ ಮೊದಲು ಇಬ್ಬರು ಸರ್ವೆಯರುಗಳು ಮಾವಿನಕೊಪ್ಪದ ಕಾನಿನಿಂದ ಕೈ ತೊಳೆದುಕೊಂಡಿದ್ದರು. ಒಬ್ಬರಿಗೆ ಬಡ್ತಿಯಾಯಿತು, ಇನ್ನೊಬ್ಬರಿಗೆ ವರ್ಗವಾಯಿತು, ಕಡತ ನನ್ನ ಮೇಜಿಗೆ ಬಂತು. ಓದಿ ಮುಗಿಸಿದಾಗ ನನಗೆ ಬಂದದ್ದು ಸಿಟ್ಟು. ಗಡಿಕಲ್ಲಿಗೇನು ಕಾಲಿದೆಯೇ, ಎದ್ದು ಹೋಗುವುದಕ್ಕೆ? ಅದು ಕಾಣುತ್ತಿಲ್ಲ ಎಂದರೆ ಯಾರೋ ಕಿತ್ತಿದ್ದಾರೆ, ಕಿತ್ತವರು ಅಲ್ಲೇ ಸುತ್ತಮುತ್ತ ಇದ್ದಾರೆ ಎಂದರ್ಥ. ಹುಡುಕುವವರು ಬಗ್ಗಿ ನೋಡಬೇಕು, ಅಷ್ಟೇ.

ನೀಲಾಂಬಿಕಾಳಿಗೆ ಸಿಟ್ಟು ಜಾಸ್ತಿ ಎಂದು ಮನೆಯಲ್ಲೂ ಹೇಳುತ್ತಾರೆ, ಕಚೇರಿಯಲ್ಲೂ ಹೇಳುತ್ತಾರೆ. ಕೆಲಸ ಬಲ್ಲವರಿಗೆ ಅಷ್ಟು ಸಿಟ್ಟು ಇರಬೇಕು ಎಂಬುದು ನನ್ನ ಅಭಿಪ್ರಾಯ.

ಮಾವಿನಕೊಪ್ಪದ ವಿಷಯ ಹೇಳಿಬಿಡುತ್ತೇನೆ. ಊರಿನ ಪಡುವಣಕ್ಕೆ ಕಾನು ಇದೆ. ನಾನು ಶಿಕಾರಿಪುರದ ಕಡೆಯವಳು, ನಮಗೆ ಕಾಡೆಂದರೆ ಕುರುಚಲು ಗುಡ್ಡ. ಸೊರಬದವರ ಕಾನು ಹಾಗಲ್ಲ. ದೇವರ ಹೆಸರು ಹೇಳಿ ಹಿಂದಿನವರು ಕೊಡಲಿ ಹಾಕದೆ ಬಿಟ್ಟ ಕಾಡು ಅದು, ಒಳಗೆ ಹೊಕ್ಕರೆ ನಡುಮಧ್ಯಾಹ್ನವೂ ಟಾರ್ಚು ಬೇಕೆನ್ನಿಸುತ್ತದೆ. ಇಲ್ಲಿಯವರು ಕಾಟಿ ಎನ್ನುವ ಕಾಡುಕೋಣ ಇದೆ, ಕಡವೆ ಇದೆ, ಮಂಗಟ್ಟೆ ಹಕ್ಕಿ ಗೂಡು ಮಾಡುವಷ್ಟು ದೊಡ್ಡ ಪೊಟರೆಯ ಮರಗಳಿವೆ. ನೀರೊಂದೇ ಇಲ್ಲ. ನೀರು ಇರುವುದು ಕಾನಿನ ಕೆಳಗೆ ದೊಡ್ಡಕೆರೆಯಲ್ಲಿ. ಕಾನಿಗೂ ಕೆರೆಗೂ ನಡುವೆ ಒಂದು ಇಳಿಜಾರು ಪಟ್ಟಿ ಇದೆ. ತಲೆಮಾರುಗಳಿಂದ ಪ್ರಾಣಿಗಳು ಅದರ ಮೇಲೆಯೇ ಇಳಿದು, ನೀರು ಕುಡಿದು, ಹತ್ತಿ ಹೋಗುತ್ತಿದ್ದವು.

ಆ ಪಟ್ಟಿಯಲ್ಲಿ ಈಗ ಶುಂಠಿ ಬೆಳೆದಿತ್ತು. ಶುಂಠಿ ತೋಟಪ್ಪನವರದು. ಶಿಕಾರಿಪುರದಲ್ಲಿ ಅವರಿಗೆ ಮೆಕ್ಕೆಜೋಳದ ವ್ಯಾಪಾರ. ಮಾವಿನಕೊಪ್ಪದಲ್ಲಿ ಕಾನಿಗೆ ಒತ್ತಿಕೊಂಡಂತೆ ಜಮೀನು ಖರೀದಿ ಮಾಡಿದ್ದರು. ಖರೀದಿ ಮಾಡಿದ್ದು ಎಲ್ಲಿ ಮುಗಿಯಿತು, ಕಾನು ಎಲ್ಲಿ ಶುರುವಾಯಿತು ಎಂಬುದೇ ತಕರಾರು. ಅವರು ಇಳಿಜಾರು ಪಟ್ಟಿಯನ್ನೂ ಸೇರಿಸಿಕೊಂಡು ಸೋಲಾರ್ ಬೇಲಿ ಹಾಕಿಸಿದ ಮೇಲೆ ಪ್ರಾಣಿಗಳು ಬೇಲಿಯ ಬದಿ ಹಿಡಿದು ಪಕ್ಕದ ಗದ್ದೆ ತುಳಿದುಕೊಂಡು ಕೆರೆಗೆ ಇಳಿಯತೊಡಗಿದವು. ಆ ಗದ್ದೆ ಜಯಪ್ಪನವರದು. ಅವರಿಗೆ ಇರುವುದೂ ಅದೊಂದೇ. ಅರ್ಜಿ ಕೊಟ್ಟವರು ಅವರೇ.

ಇತ್ತ ಅರಣ್ಯ ಇಲಾಖೆ ಕಾನನ್ನೂ ನೀರಿಗಿಳಿಯುವ ಪಟ್ಟಿಯನ್ನೂ ಸೇರಿಸಿ ವನ್ಯಜೀವಿಗಳಿಗೆ ಮೀಸಲಿಡುವ ಪ್ರಸ್ತಾವ ಕಳಿಸಿತ್ತು. ಗಡಿ ಗುರುತಾಗದೆ ಮೀಸಲಿಡುವುದು ಏನನ್ನು? ಮೇಲಿನ ಸಾಹೇಬರು ನನ್ನನ್ನು ಕರೆಸಿ, "ಈ ಸಲವೂ ಕಲ್ಲು ಸಿಗ್ಲಿಲ್ಲ ಅಂದ್ರೆ ಬೇಲಿವರೆಗಷ್ಟೇ ಕಾನು ಅಂತ ಬರೆದು ಕಳಿಸೋದು, ಮುಗೀತು. ಎಷ್ಟು ಸಲ ಅಂತ ಅಳೀತೀರಿ?" ಎಂದರು.

"ಇನ್ನೊಂದೇ ಸಲ ಸಾರ್," ಎಂದೆ.

ಹುಡುಕದೆ ಬರುವ ಯೋಚನೆ ನನಗಿರಲಿಲ್ಲ. ಪಟ್ಟಿ ತೋಟಪ್ಪನವರ ಪಾಲಾದರೆ ಕಾನಿನ ಪ್ರಾಣಿಗಳಿಗೆ ನೀರಿಲ್ಲ, ನೀರಿಗೆ ಹೊರಟರೆ ಜಯಪ್ಪನವರಿಗೆ ಅನ್ನವಿಲ್ಲ. ಇದು ಮೂರನೆಯ ಸರ್ವೆ, ಕೊನೆಯದೂ ಹೌದು.

ಭೂಮಿ ಹುಣ್ಣಿಮೆ ಕಳೆದು ವಾರವಾಗಿತ್ತು. ನಾನು ಶಿರಾಳಕೊಪ್ಪದ ಮೇಲೆ ಹೋಗುವ ಮೊದಲ ಬಸ್ಸಿಗೆ ಸೊರಬಕ್ಕೆ ಬಂದೆ. ಅಲ್ಲಿಂದ ಅರಣ್ಯ ಇಲಾಖೆಯ ಜೀಪು. ಜೊತೆಗೆ ಗಾರ್ಡ್ ಮಹಾಂತೇಶ್ ಮತ್ತು ನಮ್ಮ ಬಾಂದು ಜವಾನ ತಿಪ್ಪೇಶ. ಕಲ್ಲು ಹೊರುವುದು, ಗುಂಡಿ ತೋಡುವುದು, ಗೂಟ ಹೊಡೆಯುವುದು ತಿಪ್ಪೇಶನ ಕೆಲಸ; ದಾರಿಯುದ್ದಕ್ಕೂ ಮಾತಾಡುವುದು ಅವನಿಗೆ ಅವನೇ ಹಚ್ಚಿಕೊಂಡ ಕೆಲಸ. ಹಿಂದೆ ಟ್ರೈಲರಿನಲ್ಲಿ ನೆಡಲು ಹೊಸ ಕಲ್ಲುಗಳಿದ್ದವು. ಕಲ್ಲು ತುಂಬಿಸಿಕೊಂಡೇ ಹೊರಟದ್ದು ನೋಡಿ ಮಹಾಂತೇಶ್ ನಕ್ಕರು.

"ಹಳೇ ಕಲ್ಲೇ ಸಿಕ್ಕಿಲ್ಲ, ಹೊಸಾವು ತಗಂಡು ಹೊಂಟಿರಲ್ರೀ ಮೇಡಂ?"

"ವಾಪಸ್ ತರೋ ಕಲ್ಲಲ್ಲ ಇವು," ಎಂದೆ.

ಊರ ಬಾಗಿಲಲ್ಲೇ ಜಯಪ್ಪ ಕಾಯುತ್ತಿದ್ದರು. ಒಣಕಲು ಮೈ, ಹೆಗಲ ಮೇಲೆ ಟವೆಲು. ಪಕ್ಕದಲ್ಲಿ ಹೆಂಡತಿ ಲೋಕಮ್ಮ, ಕೈಯಲ್ಲಿ ಕತ್ತಿ, ಮುಖದಲ್ಲಿ ನಿದ್ದೆಯಿಲ್ಲದ ದಣಿವು. ಹಿಂದಿನ ರಾತ್ರಿಯೂ ಕಾಟಿ ಇಳಿದಿದ್ದವಂತೆ.

"ಹಾಲುಗಟ್ಟೋ ಬತ್ತ ಮಾರಾಯ್ರೆ," ಎಂದರು ಜಯಪ್ಪ. "ಒಂದು ಹಿಂಡು ಬಂದು ಹೋದ್ರೆ ಹಾಸಿಗೆ ಹಾಸಿದಂಗೆ ಮಲಗಿಸಿಬಿಡ್ತವೆ. ಅವಕ್ಕೆ ಬೈಯಾಕೂ ಬಾಯಿ ಬರದಿಲ್ಲ. ದಾರಿ ಅವುಂದೇ ಅಲ್ದಾ? ಇವತ್ತು ಗಡಿ ಬಿದ್ರೆ ನಮ್ಮ ಗದ್ದೆ ಉಳೀತದಾ ಮೇಡಂ?"

"ದಾರಿ ಬಿಟ್ಟುಕೊಟ್ರೆ ಕಾಟಿ ಯಾಕ್ರೀ ನಿಮ್ಮ ಗದ್ದೆಗೆ ಬರ್ತಾವು? ಗದ್ದೆ ಉಳೀತೈತಿ. ನಾನು ಹೇಳ್ತೀನಲ್ಲ," ಎಂದೆ.

ಹೇಳಿದ್ದು ನಾನೇ, ಅಷ್ಟು ಜನರ ಎದುರಿಗೆ.

ತೋಟಪ್ಪ ಬೇಲಿಯ ಗೇಟಿನ ಹತ್ತಿರ ಕುರ್ಚಿ ಹಾಕಿಸಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ತುಂಬ ವಿಭೂತಿ, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಉಪ್ಪಿಟ್ಟು. ಸರ್ವೆಗೆ ಬಂದವರನ್ನು ಬೀಗರ ಹಾಗೆ ನೋಡಿಕೊಳ್ಳುವ ಮನುಷ್ಯ. ಒಳ್ಳೆಯ ಮಾತುಗಾರರೂ ಹೌದು.

"ಬರ್ರೀ ಬರ್ರೀ ನೀಲಾಂಬಿಕಾ ಅವರೇ. ನಿಮ್ಮೂರು ಈಸೂರಂತಲ್ರೀ? ನಮ್ಮ ತಾಲ್ಲೂಕಿನೋರು ಬಂದೀರಿ ಅಂತ ಭಾಳ ಖುಷಿ ಆತು. ಮೊದ್ಲು ತಿಂಡಿ ಮಾಡ್ರೀ."

"ಕೆಲಸ ಆಗ್ಲಿ ಸಾಹುಕಾರ್ರೇ, ಆಮೇಲೆ ನೋಡೋಣ."

"ಈಸೂರಿನೋರು ಅಂದ್ರ ಸರ್ಕಾರದ ಎದುರಿಗೆ ಎದೆ ಕೊಟ್ಟು ನಿಂತೋರು. ನೀವು ನೋಡಿದ್ರ ಸರ್ಕಾರದ ಕಡೀಗೇ ನಿಂತೀರಲ್ರೀ!"

ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ.

"ಆಗ ನೆಲ ಕಸಕೊಂಡೋರು ಸರ್ಕಾರದೋರು ಸಾಹುಕಾರ್ರೇ. ಈಗ ಯಾರು ಅಂತ ಅಳತೆ ಮಾಡಿ ನೋಡೋಣ ಬರ್ರೀ."

ಆಮೇಲೆ ಯಾರೂ ನಗಲಿಲ್ಲ. ತೋಟಪ್ಪ ಫ್ಲಾಸ್ಕಿನ ಮುಚ್ಚಳ ಹಾಕಿದರು.

ಅವರು ನನ್ನನ್ನು ಕಾನಿನ ಅಂಚಿಗೆ ಕರೆದುಕೊಂಡು ಹೋಗಿ ಸಾಲಾಗಿ ನೆಟ್ಟ ಕಲ್ಲುಗಳನ್ನು ತೋರಿಸಿದರು. "ಇವೇ ನೋಡ್ರೀ ಗಡಿ. ನಾನು ತಗಂಡಾಗಿಂದ ಇಲ್ಲೇ ಅದಾವು." ನಾನು ಬಗ್ಗಿ ಒಂದು ಕಲ್ಲಿನ ಬುಡದ ಮಣ್ಣು ಕೆದರಿದೆ. ಬದಿಯಲ್ಲಿ ಡ್ರಿಲ್ಲು ಕೊರೆದ ಉದ್ದನೆಯ ಗೀರು ಹಾಗೆಯೇ ಇತ್ತು. ನೂರು ವರ್ಷದ ಹಿಂದೆ ಸರ್ವೆ ಮಾಡಿದವರ ಕೈಯಲ್ಲಿ ಇದ್ದದ್ದು ಉಳಿ ಮತ್ತು ಸುತ್ತಿಗೆ. ಅವರ ಕಲ್ಲಿಗೆ ಇಂಥ ಗೀರು ಬರುವುದಿಲ್ಲ.

"ಇದು ಯಾವ ಕ್ವಾರಿಯದು ಸಾಹುಕಾರ್ರೇ? ಕಲ್ಲು ಚೆನ್ನಾಗೈತಿ," ಎಂದೆ.

ಸುಳ್ಳು ಕಲ್ಲನ್ನು ಸುಳ್ಳು ಎನ್ನುವುದು ಸುಲಭ. ನಿಜವಾದ ಕಲ್ಲು ಎಲ್ಲಿತ್ತು ಎಂದು ತೋರಿಸುವುದು ಬೇರೆ ಮಾತು. ಮಹಾಂತೇಶ್ ನನ್ನ ರೋವರನ್ನು ನೋಡುತ್ತ, "ಮೇಡಂ, ಇದು ಸ್ಯಾಟಲೈಟಿಂದ ಗಡಿ ತೋರ್ಸೋದಿಲ್ವೇನ್ರೀ?" ಎಂದು ಕೇಳಿದರು. ಎಲ್ಲರೂ ಹಾಗೆಂದೇ ತಿಳಿದಿದ್ದಾರೆ. ಕೋಲಿನ ತುದಿಗೆ ಕೂರಿಸಿದ ಆ ಯಂತ್ರ ನಾನು ಎಲ್ಲಿ ನಿಂತಿದ್ದೇನೆ ಎಂಬುದನ್ನು ಬೆರಳಗಲವೂ ತಪ್ಪದಂತೆ ಹೇಳುತ್ತದೆ. ಹಳಬರು ಎಲ್ಲಿ ಕಲ್ಲು ನೆಟ್ಟರು ಎಂದು ಅದಕ್ಕೇನು ಗೊತ್ತು? ಹಳೆಯ ನಕ್ಷೆಯಲ್ಲಿ ಇರುವುದು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಸರಪಳಿ ದೂರ ಎಂಬ ಅಳತೆ. ನೆಲದ ಮೇಲೆ ಎರಡು ಮೂರು ಮೂಲ ಜಾಗ ಸಿಕ್ಕರೆ ನಕ್ಷೆಯನ್ನು ಅವಕ್ಕೆ ಹೊಂದಿಸಬಹುದು. ಉಳಿದದ್ದನ್ನು ಯಂತ್ರವೇ ತೋರಿಸಿಕೊಡುತ್ತದೆ. ಒಂದೂ ಸಿಗದಿದ್ದರೆ ನಕ್ಷೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಹಿಂದಿನ ಇಬ್ಬರೂ ಸೋತದ್ದು ಅಲ್ಲೇ. ಅವರು ಬಂದದ್ದು ಬೇಸಿಗೆಯಲ್ಲಿ, ಹೊಲ ಬೋಳಾಗಿದ್ದಾಗ. ಅವರಿಗೆ ಕಂಡದ್ದು ಬರೀ ಮಣ್ಣು.

ನನಗೆ ಕಂಡದ್ದು ಬೆಳೆ. ಗೇಟು ತೆಗೆಸಿ ಶುಂಠಿಯೊಳಗೆ ನಡೆದೆ. ಸೊಂಟದೆತ್ತರ ಬೆಳೆದು ಎಲೆಯ ತುದಿ ಹಳದಿಗೆ ತಿರುಗುತ್ತಿದ್ದ ಶುಂಠಿ. ಮಣ್ಣು ಎತ್ತರಿಸಿ ಮಾಡಿದ ಏರುಗಳು ಸಾಲುಸಾಲಾಗಿ, ಎಲ್ಲೂ ಸೊಟ್ಟಗಿಲ್ಲ. ಬೇಸಾಯದ ಮಟ್ಟಿಗೆ ತೋಟಪ್ಪನವರನ್ನು ಆಡಿಕೊಳ್ಳುವ ಹಾಗಿಲ್ಲ. ಅಂಥ ಹೊಲದ ಮಧ್ಯೆ ಒಂದು ಏರು ಇದ್ದಕ್ಕಿದ್ದಂತೆ ನಿಂತಿತ್ತು. ಮೊರದಗಲ ಜಾಗ ಬಿಟ್ಟು ಆಚೆಯಿಂದ ಮತ್ತೆ ಶುರುವಾಗಿತ್ತು. ಬಿಟ್ಟ ಜಾಗದಲ್ಲಿ ಗರಿಕೆ, ತುಂಬೆ ಗಿಡ. ನೆಲ ಗಟ್ಟಿಯಾಗಿತ್ತು, ವರ್ಷಗಟ್ಟಲೆ ಗುದ್ದಲಿ ಬೀಳದ ನೆಲ.

ಕಳೆ ಕೀಳುತ್ತಿದ್ದ ಹೆಂಗಸನ್ನು ಕೇಳಿದೆ. "ಇಲ್ಯಾಕವ್ವ ಗಡ್ಡೆ ಹಾಕಿಲ್ಲ?"

"ಅಲ್ಲಿ ಗುದ್ಲಿ ಹಾಕಬ್ಯಾಡ್ರಿ ಅಂತ ಯಜಮಾನ್ರು ಹೇಳ್ಯಾರೆ. ಇನ್ನೂ ಎರಡು ಕಡೆ ಹಂಗೇ ಬಿಟ್ಟೀವಿ," ಎಂದಳು ಆಕೆ.

ನನಗೆ ಆಗ ಆದ ಸಂತೋಷ ಎಷ್ಟೆಂದರೆ ಅಲ್ಲೇ ಒಂದು ಶಿಳ್ಳೆ ಹೊಡೆಯಬೇಕೆನ್ನಿಸಿತು. ನಮ್ಮ ಕಡೆ ಯಾರನ್ನೇ ಕೇಳಿ. ಹೊಲ ಒತ್ತುತ್ತಾರೆ, ಬದು ಕೆತ್ತುತ್ತಾರೆ, ಧೈರ್ಯ ಹೆಚ್ಚಿದವರು ಕಲ್ಲನ್ನೂ ಕೀಳುತ್ತಾರೆ. ಆದರೆ ಕಲ್ಲು ಕೂತಿದ್ದ ಜಾಗಕ್ಕೆ ಕಬ್ಬಿಣ ಸೋಕಿಸುವುದಿಲ್ಲ. ಕಲ್ಲು ಹೋದರೂ ಪೀಠ ಉಳಿಯುತ್ತದೆ, ಅದರ ಮೇಲೆ ನೇಗಿಲು ಹರಿದರೆ ಮನೆಗೆ ಕೇಡು ಎಂಬ ಭಯ ಕಳ್ಳರಿಗೂ ಇದೆ, ಒಳ್ಳೆಯವರಿಗೂ ಇದೆ. ತೋಟಪ್ಪ ಕಾನಿನ ನೆಲವನ್ನು ಅರಗಿಸಿಕೊಂಡಿದ್ದರು. ಕಲ್ಲಿನ ಜಾಗವನ್ನು ಅರಗಿಸಿಕೊಳ್ಳಲು ಆಗಿರಲಿಲ್ಲ.

ಎರಡನೆಯದು ಸಿಕ್ಕಿತು. ಮೂರನೆಯದನ್ನು ತಿಪ್ಪೇಶನೇ ತೋರಿಸಿದ, ಅದೂ ಹೇಗೆಂದರೆ, ಅದರ ಮೇಲೆ ಕಾಲಿಟ್ಟು ಬೆಂಕಿ ತುಳಿದವನ ಹಾಗೆ ಹಾರಿ ಪಕ್ಕಕ್ಕೆ ಬಿದ್ದು. "ಅಯ್ಯಯ್ಯೋ ಮೇಡಮ್ಮೋರೇ, ಕುಂಕುಮ ಐತಿ!" ನಿಜ, ಗರಿಕೆಯ ನಡುವೆ ಅರಿಶಿನ ಕುಂಕುಮ, ಒಡೆದ ನಿಂಬೆಹಣ್ಣು, ಸುಟ್ಟ ಬತ್ತಿ.

ಮೂರೂ ಜಾಗದಲ್ಲಿ ಗೂಟ ಹೊಡೆಸಲಿಲ್ಲ, ತಿಪ್ಪೇಶ ಸುತರಾಂ ಒಪ್ಪಲಿಲ್ಲ. ಸುಣ್ಣದ ಗುರುತು ಹಾಕಿ ಅಳೆದೆವು. ಮೊದಲನೆಯದರಿಂದ ಎರಡನೆಯದಕ್ಕೆ ನಕ್ಷೆಯಲ್ಲಿದ್ದಷ್ಟೇ ದೂರ. ಎರಡನೆಯದರಿಂದ ಮೂರನೆಯದಕ್ಕೂ ಅಷ್ಟೇ. ಗೆರೆ ಎರಡನೆಯದರ ಹತ್ತಿರ ತಿರುಗಬೇಕಾದ ಕಡೆಗೇ ತಿರುಗಿತ್ತು. ಒಂದು ಅಳತೆ ಕೂಡಿಬಂದರೆ ಅದೃಷ್ಟ ಎನ್ನಬಹುದು, ಎಲ್ಲವೂ ಕೂಡಿಬಂದರೆ ಅದು ಗಡಿ. ಇಳಿಜಾರು ಪಟ್ಟಿ ಪೂರ್ತಿಯಾಗಿ ಕಾನಿನ ಕಡೆಗೆ ಬಿದ್ದಿತ್ತು.

ತೋಟಪ್ಪ ಎಲ್ಲವನ್ನೂ ನೋಡುತ್ತಲೇ ಇದ್ದರು. ಮಹಜರಿಗೆ ಸಾಕ್ಷಿಯಾಗಿ ಬಂದಿದ್ದ ಊರಿನವರೂ ಸುತ್ತ ಸೇರಿದ್ದರು.

"ಏನ್ರೀ ಇದು? ಹುಲ್ಲು ನೋಡಿ ಗಡಿ ಹಾಕ್ತೀರೇನ್ರೀ?" ಎಂದರು. "ಅಲ್ಲಿ ಹುತ್ತ ಇದ್ದವು. ಹಾವು ಗೀವು ಅಂತ ಬಿಟ್ಟೀವಿ."

"ಹುತ್ತ ಈಗ ಇಲ್ಲಲ್ಲ?"

"ಇಲ್ಲ, ಕರಗಿ ಹೋದ್ವು."

"ಹಾವೂ ಇಲ್ಲ. ಮತ್ತೇನು ಸಾಹುಕಾರ್ರೇ, ಬರೀ ಮಣ್ಣು. ಒಳ್ಳೇ ನೆಲ ಸುಮ್ನೆ ಯಾಕೆ ಹಾಳು ಬಿಡ್ತೀರಿ?" ತಿಪ್ಪೇಶನ ಕೈಯಿಂದ ಗುದ್ದಲಿ ತೆಗೆದುಕೊಂಡು ಅವರ ಮುಂದೆ ಹಿಡಿದೆ. "ಒಂದು ಏಟು ಹಾಕ್ರೀ. ನಿಮ್ಮ ಕೈಯಾರೆ. ನೀವು ಹಾಕಿದ್ರೆ ಇದು ಹುತ್ತದ ಜಾಗ ಅಂತ ನಾನೂ ಒಪ್ಪಿಕೊಂಡು ಮತ್ತೆ ಮೊದಲಿಂದ ಹುಡುಕ್ತೀನಿ."

ಹಾಗೆ ಕೇಳುವ ಅಧಿಕಾರ ನನಗೆ ಯಾವ ಕಾಯ್ದೆಯಲ್ಲೂ ಇಲ್ಲ. ಅವರು ಹಾಕಿಯೇ ಬಿಟ್ಟಿದ್ದರೂ ನನ್ನ ಅಳತೆ ಅಳತೆಯೇ. ಆದರೆ ನನಗೆ ಅವರ ಬಾಯಿ ಮುಚ್ಚಿಸಬೇಕಿತ್ತು, ಅದಕ್ಕೆ ಅವರ ಕೈಯೇ ಬೇಕಿತ್ತು.

ತೋಟಪ್ಪ ಗುದ್ದಲಿ ಹಿಡಿದರು. ಕಾವಿನ ಮೇಲೆ ಕೈ ಸರಿಮಾಡಿಕೊಂಡರು. ಎತ್ತಿದರು. ಎತ್ತಿದ ಗುದ್ದಲಿ ಅಲ್ಲೇ ನಿಂತಿತು. ತಿಪ್ಪೇಶ ಕಣ್ಣು ಮುಚ್ಚಿಕೊಂಡಿದ್ದ. ನಂತರ ಅವರು ಅದನ್ನು ಮೆಲ್ಲಗೆ ಪಕ್ಕದ ಏರಿನ ಮೇಲೆ ಇಟ್ಟು, ಟವೆಲಿನಿಂದ ಕತ್ತು ಒರೆಸಿಕೊಂಡರು.

"ಅದು ಬ್ಯಾರೆ ವಿಷಯ," ಎಂದರು. "ಆದ್ರ ಕಲ್ಲು ನೆಡಾಕ ನಾನು ಬಿಡಾಂಗಿಲ್ಲ. ಕೋರ್ಟಿಗೆ ಹೋಗ್ತೀನಿ."

"ಹೋಗ್ರೀ. ಇದೇ ಅಳತೆ ತಗೊಂಡು ನಾನೂ ಬರ್ತೀನಿ," ಎಂದೆ. ಗೆದ್ದೆ ಎನ್ನುವ ಹೆಮ್ಮೆಯನ್ನು ನಾನು ಮುಚ್ಚಿಡಲೂ ಇಲ್ಲ.

ಮೂರು ಜಾಗ ಸಿಕ್ಕ ಮೇಲೆ ಉಳಿದದ್ದು ಸುಲಭ. ನಕ್ಷೆಯನ್ನು ಹೊಂದಿಸಿದೆ. ಕಾನಿನ ನಾಲ್ಕನೆಯ ಮೂಲೆ ಎಲ್ಲಿದೆ ಎಂದು ರೋವರಿನ ಪರದೆಯಲ್ಲಿ ಬಾಣದ ಗುರುತು ತೋರಿಸತೊಡಗಿತು. ಕೋಲು ಹಿಡಿದು ಅದರ ಹಿಂದೆಯೇ ನಡೆದೆ. ಶುಂಠಿ ಮುಗಿಯಿತು. ಬೇಲಿ ಬಂತು. ಮೂಲೆ ಬೇಲಿಯ ಹತ್ತಿರವೇ ಇರುತ್ತದೆ ಎಂದುಕೊಂಡಿದ್ದೆ. ಬಾಣ ಇನ್ನೂ ಮುಂದಕ್ಕೆ ತೋರಿಸುತ್ತಿತ್ತು. ಬೇಲಿಯ ಆಚೆ ಜಯಪ್ಪನವರ ಗದ್ದೆ.

ಯಂತ್ರ ತಪ್ಪಿರಬೇಕು ಎಂದು ಆರಿಸಿ ಮತ್ತೆ ಹಚ್ಚಿದೆ. ನಕ್ಷೆಯನ್ನು ಮತ್ತೆ ಹೊಂದಿಸಿದೆ. ಬಾಣ ಅದೇ ಕಡೆಗೆ. ಗೇಟಿನಿಂದ ಬೇಲಿ ಸುತ್ತಿ ಬಂದು, ಗದ್ದೆಗೆ ಇಳಿದು ಬತ್ತದ ತೆನೆ ಸರಿಸುತ್ತ ನಡೆದೆ. ಹಿಂದೆ ಎಲ್ಲರೂ ಬದುವಿನ ಮೇಲೆ ಸಾಲುಗಟ್ಟಿ ಬಂದರು. ಗದ್ದೆಯ ನಟ್ಟನಡುವೆ ಬಾಣ ನಿಂತಿತು. ಅಲ್ಲಿ ಬತ್ತ ಇರಲಿಲ್ಲ. ಮೊರದಗಲ ಗಟ್ಟಿ ನೆಲ, ಮೇಲೆ ಒಣಗಿದ ಬಾಳೆಲೆ, ಭೂಮಿ ಹುಣ್ಣಿಮೆಯ ಎಡೆಯಲ್ಲಿ ಇರುವೆ ಬಿಟ್ಟಷ್ಟು ಅನ್ನದ ಅಗುಳು, ಅರಿಶಿನ ಮೆತ್ತಿದ ಒಂದು ಪುಟ್ಟ ಕಲ್ಲು.

"ಅದು ಭೂತಪ್ಪನ ಜಾಗ ಮೇಡಂ, ಚಪ್ಪಲಿ ಹಾಕ್ಕಂಡು ಹತ್ರ ಹೋಗ್ಬ್ಯಾಡಿ," ಎಂದರು ಲೋಕಮ್ಮ ಬದುವಿನ ಮೇಲಿಂದ. "ನಮ್ಮ ಮಾವ ಇದ್ದಾಗಿಂದ ವರ್ಷ ವರ್ಷ ಎಡೆ ಇಡ್ತೀವಿ. ಉಳಬಾರ್ದು ಅಂತ ಹೇಳಿ ಹೋಗ್ಯಾರೆ."

ನಾನು ತಲೆ ಎತ್ತಿ ಜಯಪ್ಪನವರನ್ನು ನೋಡಿದೆ. ಅವರು ನನ್ನನ್ನಲ್ಲ, ಆ ಜಾಗವನ್ನು ನೋಡುತ್ತಿದ್ದರು. ಶುಂಠಿ ಹೊಲದಲ್ಲಿ ಕಂಡದ್ದೆಲ್ಲ ಅವರಿಗೂ ಕಂಡಿತ್ತು. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಗೆರೆ ಗದ್ದೆಯನ್ನು ಅರ್ಧಕ್ಕೆ ಸೀಳುತ್ತಿತ್ತು. ಬೇಲಿ ಕಡೆಯ ಅರ್ಧ ಕಾನಿನದು. ಕಾಟಿ ಅವರ ಗದ್ದೆ ತುಳಿಯುತ್ತಿರಲಿಲ್ಲ, ತಮ್ಮ ದಾರಿಯ ಅಂಚಿನಲ್ಲೇ ನಡೆಯುತ್ತಿದ್ದವು.

ಮೊದಲು ನಕ್ಕವರು ತೋಟಪ್ಪ. ಬದುವಿನ ಮೇಲೆ ನಿಂತು ಜೋರಾಗಿ ನಕ್ಕರು. "ನೋಡ್ರಪ್ಪಾ ಅರ್ಜಿ ಕೊಟ್ಟೋರ್ನ! ನೀಲಾಂಬಿಕಾ ಅವರೇ, ಮೊದ್ಲು ಇಲ್ಲಿ ಕಲ್ಲು ನೆಡ್ರೀ. ಆಮೇಲೆ ನನ್ನ ಹೊಲಕ್ಕ ಬರ್ರೀ. ಅವನು ಇಲ್ಲಿ ಗುದ್ಲಿ ಹಾಕಿದ್ರ ನಾನೂ ಅಲ್ಲಿ ಹಾಕ್ತೀನಿ. ಎಲ್ಲಾರ ಎದುರಿಗೆ ಹೇಳಾಕತ್ತೀನಿ, ಕೇಳಿಸ್ಕೊಳ್ರೀ." ಜಯಪ್ಪ ಹಾಕುವುದಿಲ್ಲ ಎಂಬ ಖಾತ್ರಿ ಅವರಿಗಿತ್ತು. ಒಂದೇ ಗದ್ದೆ ಇರುವವನು ಅರ್ಧ ಬಿಟ್ಟುಕೊಡುತ್ತಾನೆಯೇ?

ತಿಪ್ಪೇಶ ನನ್ನ ಕಿವಿಯ ಹತ್ತಿರ ಬಂದ. "ಮೇಡಮ್ಮೋರೇ, ಈ ಒಂದು ಮೂಲೆ ಬೇಲಿಗೇ ತಿರುಗಿಸಿಬಿಡಾಣ. ಪಾಪ, ಬಡೋರು. ಯಾರು ಕೇಳ್ತಾರ?"

"ತೋಟಪ್ಪನ ವಕೀಲ ಕೇಳ್ತಾನೆ," ಎಂದೆ. "ಇಲ್ಲಿ ಸುಳ್ಳು ಹೇಳಿದ್ರೆ ಅಲ್ಲಿ ಹೇಳಿದ್ದೂ ಸುಳ್ಳೇ ಆಗ್ತೈತಿ."

ಅದು ನಿಜ. ಆದರೆ ಅದಕ್ಕಿಂತ ದೊಡ್ಡ ನಿಜ ಬೇರೆ ಇತ್ತು. ಬೇಲಿಗೆ ಗೆರೆ ತಿರುಗಿಸಿದರೆ ನಾನು ಸರ್ವೆಯರ್ ಅಲ್ಲ. ಯಾರ ಮುಖ ನೋಡಿದರೆ ಅವರ ಕಡೆಗೆ ವಾಲುವ ಕೋಲು. ನಾನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬದುವಿಗೆ ಬಂದೆ.

"ಜಯಪ್ಪೋರೇ, ಗದ್ದೆ ಉಳೀತೈತಿ ಅಂತ ಬೆಳಿಗ್ಗೆ ಹೇಳಿದ್ದೆ. ಅರ್ಧ ಉಳೀತೈತಿ. ಅರ್ಧ ಕಾನಿಂದು. ನನ್ನ ಅಳತೇಲಿ ತಪ್ಪಿಲ್ಲ. ನಿಮಗೆ ಹಂಗೆ ಮಾತು ಕೊಟ್ಟಿದ್ದು ನನ್ನ ತಪ್ಪು."

ಜಯಪ್ಪ ಹೆಂಡತಿಯ ಕಡೆ ತಿರುಗಿ, "ಅಪ್ಪ ನಂಗೆ ಸುಳ್ಳು ಹೇಳಿ ಹೋದ ಕಣೆ," ಎಂದರು. ಅವರ ಅಪ್ಪ ಧರ್ಮಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. "ಭೂತಪ್ಪ ಅಂದ. ಇಷ್ಟು ವರ್ಷ ಕೈ ಮುಗಿದ್ನಲ್ಲ ನಾನು."

"ಸುಳ್ಳಲ್ಲ ಕಣ್ರೀ, ಹೆದ್ರಿಕೆ," ಎಂದರು ಲೋಕಮ್ಮ. "ಕಿತ್ತಿದ್ದು ಹೇಳಾಕೆ ಆಗ್ಲಿಲ್ಲ, ಅದ್ಕೇ ದೇವ್ರ ಹೆಸ್ರು ಇಟ್ರು. ಇನ್ನೆಂಥ ಮಾಡ್ತಾರೆ?"

ಜಯಪ್ಪ ನನ್ನನ್ನು ನೋಡಿದರು. "ನಿಂತಿರೋ ಬತ್ತ?"

"ಕೊಯ್ಲು ನಿಮ್ದೇ. ಮಹಜರಿನಲ್ಲೇ ಬರೀತೀನಿ."

"ಬರೀರಿ ಮೇಡಂ, ನಮ್ಮ ಸಾಹೇಬ್ರಿಗೆ ನಾನು ಹೇಳ್ತೀನಿ," ಎಂದರು ಮಹಾಂತೇಶ್.

ಜಯಪ್ಪ ತಲೆಯಾಡಿಸಿದರು. ಟವೆಲನ್ನು ಹೆಗಲಿಂದ ತೆಗೆದು ಸೊಂಟಕ್ಕೆ ಕಟ್ಟಿಕೊಂಡು ತಿಪ್ಪೇಶನ ಮುಂದೆ ಕೈ ಚಾಚಿದರು. ತಿಪ್ಪೇಶ ಗುದ್ದಲಿಯನ್ನು ಹಿಂದಕ್ಕೆ ಎಳೆದುಕೊಂಡ. "ಬ್ಯಾಡ ಯಜಮಾನ್ರೇ, ಆ ಜಾಗದಾಗ ಕಬ್ಬಿಣ ಸೋಕಬಾರ್ದು!"

"ಕೀಳಾಕೆ ಹಾಕಿದ್ರೆ ತಪ್ಪು," ಎಂದರು ಜಯಪ್ಪ. "ನೆಡಾಕೆ ಹಾಕಿದ್ರೆ ಎಂಥ ತಪ್ಪು? ಕೊಡೋ."

ಲೋಕಮ್ಮ ಗದ್ದೆಗೆ ಇಳಿದು ಬಾಳೆಲೆ ತೆಗೆದರು, ಅರಿಶಿನದ ಕಲ್ಲನ್ನು ಎತ್ತಿ ಸೆರಗಿನಲ್ಲಿ ಇಟ್ಟುಕೊಂಡರು, ನೆಲಕ್ಕೆ ಕೈ ಮುಗಿದು ಪಕ್ಕಕ್ಕೆ ಸರಿದರು. ಜಯಪ್ಪ ಗುದ್ದಲಿ ಎತ್ತಿ ಬೀಸಿದರು. ಗಟ್ಟಿ ನೆಲ, ಮೊದಲ ಏಟಿಗೆ ಬರೀ ಸಿಪ್ಪೆ ಎದ್ದಿತು. ಎರಡನೆಯ ಏಟಿಗೆ ಮಣ್ಣು ಬಂತು. ಆಳಕ್ಕೆ ಹೋದಂತೆ ಅಂಗೈಯಗಲದ ಜಜ್ಜುಗಲ್ಲುಗಳು ಸಿಕ್ಕವು, ಹಿಂದೆ ದೊಡ್ಡ ಕಲ್ಲನ್ನು ಬಿಗಿಯಾಗಿ ಕೂರಿಸಲು ಬುಡಕ್ಕೆ ತುಂಬಿದ್ದವು. ನಾನೇ ಬಗ್ಗಿ ಅವನ್ನು ಎತ್ತಿ ಸಾಕ್ಷಿಗಳಿಗೆ ತೋರಿಸಿದೆ. ನನ್ನ ಅಳತೆ ಸರಿಯಾಗಿತ್ತು. ಅಷ್ಟು ಸರಿಯಾದ ಅಳತೆ ನನಗೆ ಅಷ್ಟು ದುಃಖ ಕೊಟ್ಟದ್ದು ಅದೇ ಮೊದಲು.

ಹೊಸ ಕಲ್ಲನ್ನು ಹೊತ್ತು ತರಲು ತಿಪ್ಪೇಶ, ಮಹಾಂತೇಶ್ ಇಬ್ಬರೂ ಹೋದರು. ಗುಂಡಿಗೆ ಇಳಿಸುವಾಗ ಜಯಪ್ಪ ತಾವೇ ಬುಡ ಹಿಡಿದರು. ಮಣ್ಣು ಎಳೆದು, ಜಜ್ಜುಗಲ್ಲು ತುಂಬಿ, ಕಾಲಿನಿಂದ ಒತ್ತಿ ಗಟ್ಟಿ ಮಾಡಿದರು. ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ. ಬೆವರು ಒರೆಸಿಕೊಂಡರು. ತೋಟಪ್ಪನವರ ಕಡೆ ನೋಡಲೂ ಇಲ್ಲ. ಬದುವಿನ ಮೇಲಿದ್ದ ಊರಿನವರೆಲ್ಲ ತೋಟಪ್ಪನವರ ಕಡೆಗೇ ನೋಡುತ್ತಿದ್ದರು.

ತೋಟಪ್ಪನವರ ಮುಖದಲ್ಲಿ ನಗು ಇರಲಿಲ್ಲ. ಚಪ್ಪಲಿ ಬಿಟ್ಟರು, ಇಸ್ತ್ರಿ ಪಂಚೆಯನ್ನು ಮೇಲೆತ್ತಿ ಕಟ್ಟಿ, ಕೆಸರಿನಲ್ಲಿ ಕಾಲಿಡುತ್ತ ಗದ್ದೆಯ ನಡುವಿಗೆ ಬಂದರು.

"ಕಲ್ಲು ಕೀಳಿಸಿದ ದಿನಾನೇ ಅಲ್ಲಿ ಟ್ರ್ಯಾಕ್ಟರ್ ಮಗುಚಿತ್ರೀ," ಎಂದರು ನನ್ನ ಕಡೆಗೆ ನೋಡದೆ. "ಡ್ರೈವರ್ ಉಳಿದಿದ್ದೇ ಹೆಚ್ಚು. ಅವತ್ತಿಂದ ನಮ್ಮನೆಯೋಳು ವಾಪಸ್ ನೆಡ್ರೀ, ವಾಪಸ್ ನೆಡ್ರೀ ಅಂತ ತಲೆ ತಿಂತಾಳ. ಅಲ್ಲಿ ಕುಂಕುಮ ಹಾಕೋಳೂ ಅವಳೇ." ನಂತರ ಜಯಪ್ಪನವರ ಮುಂದೆ ಕೈ ಚಾಚಿದರು. "ಕೊಡಪ್ಪಾ ಇಲ್ಲಿ."

ಜಯಪ್ಪ ಗುದ್ದಲಿ ಕೊಟ್ಟರು. ತೋಟಪ್ಪ ಅದನ್ನು ಹೆಗಲ ಮೇಲೆ ಹೊತ್ತು ಶುಂಠಿಯ ಕಡೆಗೆ ಹೊರಟರು. ಜಯಪ್ಪ ಟ್ರೈಲರಿಗೆ ಹೋಗಿ ಇನ್ನೊಂದು ಕಲ್ಲಿಗೆ ಹೆಗಲು ಕೊಟ್ಟರು.